ಗಾಣದ ಮನೆಯ ಬ್ಯಾಟರಿ

ನಾನು ಒಂದು ಬ್ಯಾಟರಿ. ಹೀಗೆ ಒಂದೇ ಮಾತಿನಲ್ಲಿ ಹೇಳಿಬಿಟ್ಟರೂ ಅದು ಪೂರ್ತಿ ನಿಜವಲ್ಲ. ನನ್ನ ಕಪ್ಪು ಪೆಟ್ಟಿಗೆಯೊಳಗೆ ಹೆಬ್ಬೆರಳು ಗಾತ್ರದ ಉಕ್ಕಿನ ಸೆಲ್ಲುಗಳು ಸಾಲುಸಾಲಾಗಿ ನಿಂತಿವೆ. ತೆಳುವಾದ ಲೋಹದ ಪಟ್ಟಿಗಳು ಅವನ್ನು ಕೈಕೈ ಹಿಡಿಸಿವೆ. ಅಷ್ಟೂ ಸೇರಿ ಒಂದು 'ನಾನು'. ಈ ಸಂಗತಿ ನನಗೇ ಗೊತ್ತಾದದ್ದು ಬಹಳ ತಡವಾಗಿ. ಅದನ್ನೂ ಹೇಳುತ್ತೇನೆ. ಮೊದಲು ಹುಟ್ಟಿನಿಂದ ಶುರುಮಾಡಬೇಕು.

ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಬಿಳಿ ದೀಪಗಳು, ಕೈಗವಸು ಹಾಕಿದ ಬೆರಳುಗಳು, ಸಣ್ಣ ಕಿಡಿ, ಚಟ್ಟೆಂಬ ಸದ್ದು, ಇಷ್ಟೇ ನೆನಪು. ಆಮೇಲೆ ಯಾರೋ ಮೊದಲ ಸಲ ಚಾರ್ಜರಿನ ತಂತಿ ಸಿಕ್ಕಿಸಿದರು. ಏನೋ ಒಳಗೆ ಬರತೊಡಗಿತು. ಅದಕ್ಕೆ ತೂಕವಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಬಂದದ್ದು ಎಲ್ಲಿಂದ ಎಂದು ಆಮೇಲೆ ತಿಳಿಯಿತು. ಎಲ್ಲೋ ಅಣೆಕಟ್ಟಿನಲ್ಲಿ ನೀರು ಧುಮುಕಿತ್ತು. ಎಲ್ಲೋ ಗುಡ್ಡದ ನೆತ್ತಿಯ ಮೇಲೆ ಗಾಳಿಗೆ ದೊಡ್ಡ ರೆಕ್ಕೆಗಳು ತಿರುಗಿದ್ದವು. ಅಷ್ಟು ದೊಡ್ಡ ನೀರು, ಅಷ್ಟು ದೊಡ್ಡ ಗಾಳಿ, ತಂತಿಯ ದಾರಿ ಹಿಡಿದು ಬಂದು ನನ್ನಂಥ ಸಣ್ಣ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಕುಳಿತುಬಿಟ್ಟವು! ಆ ಬೆರಗು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಗದಗದಲ್ಲಿ ಒಂದು ಎಲೆಕ್ಟ್ರಿಕ್ ಬೈಕಿನ ಸೀಟಿನ ಕೆಳಗೆ ನನ್ನನ್ನು ಕೂರಿಸಿದರು. ಅದನ್ನು ಕೊಂಡವರು ವಿಮೆ ಏಜೆಂಟರಾದ ಪಾಂಡುರಂಗ ಹೆಬ್ಬಳ್ಳಿಯವರು. ಕೆಟ್ಟವರೇನಲ್ಲ, ಆದರೆ ಅವರಿಗೆ ನನ್ನ ನೆನಪಾಗುತ್ತಿದ್ದುದು ಗಾಡಿ ನಿಂತಾಗ ಮಾತ್ರ. ಅವರ ಚೀಲ, ಛತ್ರಿ, ಊಟದ ಡಬ್ಬಿಗಳ ಜೊತೆ ನಾನೂ ಒಂದು ಸಾಮಾನು. ಸೀಟಿನ ಕೆಳಗಿನ ಕತ್ತಲಲ್ಲಿ ಕುಳಿತು ಅವರ ಮಾತು ಕೇಳುತ್ತಿದ್ದೆ. ಜನರು ನಾಳೆಯ ಬಗ್ಗೆ ಎಷ್ಟು ಹೆದರುತ್ತಾರೆ ಎಂದು ನಾನು ಕಲಿತದ್ದು ಅಲ್ಲಿಯೇ. ಕೆಲವು ವರ್ಷಗಳ ಮೇಲೆ ಹೆಬ್ಬಳ್ಳಿಯವರು ಕಾರು ಕೊಂಡರು. ಬೈಕಿನೊಂದಿಗೆ ನಾನು ಕೈ ಬದಲಾಯಿಸಿದೆ.

ಕೊಂಡವನು ಕಣವಿಹಾಳದ ಗಾಣಿಗೇರ ಈರಸಂಗಪ್ಪ. ಗದಗದಿಂದ ದೂರವಿಲ್ಲದ ಊರು. ಊರ ಬೆನ್ನಿಗೆ ಕಲ್ಲು ಗುಡ್ಡ, ಗುಡ್ಡದ ಅಂಚಿಗೆ ತಿರುಗುವ ಗಾಳಿಯ ರೆಕ್ಕೆಗಳು. ಅವನ್ನು ನೋಡಿದಾಗ ತವರಿಗೆ ಬಂದೆ ಅನ್ನಿಸಿತು. ಗಾಡಿ ಅಂಗಳದಲ್ಲಿ ನಿಲ್ಲುತ್ತಲೇ ಅವನ ಹೆಂಡತಿ ನಿಂಬೆವ್ವ ಆರತಿ ತಟ್ಟೆ ಹಿಡಿದು ಬಂದು ಗಾಡಿಯನ್ನು ಸುತ್ತಿ ನೋಡಿದಳು.

"ಇದಕ್ಕ ಏನ ತಿನ್ನಾಕ ಕೊಡೂದ್ರೀ?"

"ಕರೆಂಟ್ ತಿಂತೈತಿ."

"ನಮ್ಮ ಕರಿಯಾನಕಿಂತ ಚೊಲೋ ಆತು ಬಿಡ್ರಿ. ಸಗಣಿ ಬಳಿಯೂ ಕೆಲಸಿಲ್ಲ."

ಕರಿಯ ಎಂದರೆ ಅವರ ಗಾಣದ ಎತ್ತು. ಸುತ್ತಲ ಊರುಗಳಲ್ಲಿ ಗಾಣಗಳು ಮೂಲೆ ಸೇರಿದರೂ ಈ ಮನೆಯಲ್ಲಿ ಮರದ ಗಾಣ ಇನ್ನೂ ತಿರುಗುತ್ತಿತ್ತು. ಕರಿಯ ಸುತ್ತುತ್ತಿದ್ದ. ಎಲ್ಲಿಗೂ ಹೋಗದ ಆ ನಡಿಗೆಯಿಂದ ಕುಸುಬೆಯ ಎಣ್ಣೆ ಹನಿಹನಿಯಾಗಿ ಇಳಿಯುತ್ತಿತ್ತು. ನಾನು ದಿನಕ್ಕೆ ಎಷ್ಟೋ ಊರು ತಿರುಗುವವನು, ನಿಂತಲ್ಲೇ ನಡೆದು ಇಷ್ಟು ಕೊಡುವ ಅವನನ್ನು ಕಂಡು ಬೆರಗಾದೆ.

ಈರಸಂಗಪ್ಪ ಬೈಕು ಕೊಂಡದ್ದು ಎಣ್ಣೆ ಮಾರಲು ಮಾತ್ರವಲ್ಲ. ಗುಡ್ಡದ ಮೇಲೆ ಒಂದು ಗವಿ, ಗವಿಯೊಳಗೆ ಕಣವಿ ಮಲ್ಲಯ್ಯ, ಮಲ್ಲಯ್ಯನ ಮುಂದೆ ಒಂದು ನಂದಾದೀಪ. ಆ ದೀಪಕ್ಕೆ ಎಣ್ಣೆ ಒಯ್ಯುವುದು ಗಾಣಿಗೇರ ಮನೆತನದ ಸೇವೆ. ಅವನ ಅಜ್ಜ ಹೊತ್ತ, ಅಪ್ಪ ಹೊತ್ತ, ಈಗ ಅವನ ಸರದಿ. ವಾರಕ್ಕೆ ಎರಡು ಸಲ ಎಣ್ಣೆ ಮೇಲೇರಬೇಕು. ಆದರೆ ಈರಸಂಗಪ್ಪನ ಮೊಣಕಾಲು ಏರು ಕಂಡರೆ ಹಠ ಹಿಡಿಯುತ್ತಿತ್ತು. ಗವಿಯ ಮೆಟ್ಟಿಲ ಬುಡದವರೆಗೆ ಗಾಡಿ ದಾರಿ ಇತ್ತು. ಹಾಗಾಗಿ ಅವನಿಗೆ ನಾನು ಬೇಕಾದೆ.

ಮೊದಲ ಸೋಮವಾರ ಏರು ಹತ್ತಿದ್ದು ಮರೆಯಲಾರೆ. ಮೆಟ್ಟಿಲ ಬುಡದಲ್ಲಿ ಗಾಡಿ ನಿಲ್ಲಿಸಿ, ನನ್ನನ್ನು ಹಿಡಿಕೆ ಹಿಡಿದು ಹೊರಗೆ ತೆಗೆದು, ಎಣ್ಣೆಯ ಡಬ್ಬಿಯ ಜೊತೆ ಗವಿಯೊಳಗೆ ಒಯ್ದ. "ನೀನೂ ಒಂದ ಸಲ ನೋಡು" ಎಂದ. ಕಲ್ಲಿನ ಬಟ್ಟಲು, ಹತ್ತಿಯ ಬತ್ತಿ, ಅದರ ತುದಿಯಲ್ಲಿ ಅಲುಗದ ಒಂದು ಎಲೆಯಂಥ ಬೆಂಕಿ. ನನ್ನೊಳಗೂ ಬೆಂಕಿಯಂಥದೇ ಒಂದು ಶಕ್ತಿ ಇದೆ, ಆದರೆ ಅದು ಎಂದೂ ಕಾಣಿಸಿಕೊಳ್ಳುವುದಿಲ್ಲ. ಇಲ್ಲಿ ಅದು ಮುಸುಕು ತೆಗೆದು ಕುಳಿತಿತ್ತು. ಬಟ್ಟಲಲ್ಲಿ ಇನ್ನೂ ಅರ್ಧ ಎಣ್ಣೆ ಇತ್ತು. ಈರಸಂಗಪ್ಪ ಅದನ್ನು ಕಂಠಮಟ್ಟ ತುಂಬಿಸಿ, "ತೀರಿದ ಮ್ಯಾಲ ಹಾಕೂದಲ್ಲ, ತೀರೂಕಿಂತ ಮೊದಲ ಹಾಕೂದು" ಎಂದು ಯಾರಿಗೆಂದಿಲ್ಲದೆ ಹೇಳಿದ. ಅಪ್ಪ ಕಲಿಸಿದ ಕ್ರಮ ಅದು.

ಮನೆಗೆ ಬಂದ ಮೇಲೆ ಅದೇ ಕ್ರಮವನ್ನು ನನಗೂ ನಡೆಸಿದ.

ದೇವರ ಜಗಲಿಯ ಪಕ್ಕದಲ್ಲಿ ಕಂಬಳಿಯನ್ನು ಮಡಿಚಿ ಗದ್ದುಗೆ ಮಾಡಿದ. ಬರಿಯ ನೆಲದ ಮೇಲೆ ಇಟ್ಟರೆ ಅಪಚಾರ ಎಂದು ನನ್ನನ್ನು ಅದರ ಮೇಲೆ ಕೂರಿಸಿದ, ಕಂಬಳಿಯ ಅಂಚನ್ನು ಮೈಮೇಲೂ ಹೊದಿಸಿದ. ಗಾಡಿಯಿಂದ ಇಳಿಸಿದೊಡನೆ ಚಾರ್ಜರು ಸಿಕ್ಕಿಸುವನು. ಮತ್ತೆ ಗಾಡಿ ತೆಗೆಯುವವರೆಗೂ ಅದನ್ನು ಕೀಳುತ್ತಿರಲಿಲ್ಲ. ನಾನು ತುಂಬಿ ಎಷ್ಟೋ ಹೊತ್ತಾಗಿರುತ್ತಿತ್ತು. ಹಸಿರು ದೀಪ "ಸಾಕು, ಸಾಕು" ಎನ್ನುತ್ತಲೇ ಇರುತ್ತಿತ್ತು. ಅವನು ಅದನ್ನೂ ದೇವರ ದೀಪದಂತೆ ನೋಡಿ ಕೈಮುಗಿಯುವನು. ಪ್ರತಿ ಅಮಾವಾಸ್ಯೆಗೆ ನನಗೆ ವಿಭೂತಿ, ಹೂವು. ಹೆಬ್ಬಳ್ಳಿಯವರ ಮನೆಯಲ್ಲಿ ಸಾಮಾನಾಗಿದ್ದ ನಾನು ಇಲ್ಲಿ ದೇವರ ಮಗ್ಗುಲಿಗೆ ಬಂದಿದ್ದೆ. ಹೊಟ್ಟೆ ಬಿರಿಯುವಷ್ಟು ತುಂಬಿ, ಉಣ್ಣೆಯ ಸೆಕೆಯಲ್ಲಿ ಬೇಯುತ್ತ, ಆ ಪ್ರೀತಿಗೆ ಏನು ಹೇಳಲಿ? ನನಗೆ ಬಾಯಿಲ್ಲ. ತಾಳಿಕೊಂಡೆ. ನನ್ನೊಳಗೆ ಗೋಡೆಯ ಕಡೆಗಿದ್ದ, ಗಾಳಿ ಕಾಣದ ಒಂದು ಸಾಲು ಮಾತ್ರ ಮೆಲ್ಲಗೆ ಸೊರಗತೊಡಗಿತು.

ಒಂದು ಗುರುವಾರ ಅದು ಬಯಲಾಯಿತು. ಎಣ್ಣೆ ಡಬ್ಬಿ ಹಿಂದೆ ಕಟ್ಟಿ ಏರು ಹತ್ತುತ್ತಿದ್ದೆವು. ಮೀಟರಿನಲ್ಲಿ ಗೆರೆಗಳೆಲ್ಲ ತುಂಬಿದ್ದವು. ದಾರಿ ಕಡಿದಾದ ಕಡೆ, ಒಂಟಿ ಬೇವಿನ ಮರದ ಹತ್ತಿರ, ಒಮ್ಮೆಲೇ ನನ್ನ ಕೈಕಾಲು ಬಿದ್ದುಹೋದವು. ಗಾಡಿ ನಿಂತಿತು, ಹಿಂದಕ್ಕೆ ಜಾರಿತು, ಡಬ್ಬಿಯ ಎಣ್ಣೆ ಮುಕ್ಕಾಲು ಚೆಲ್ಲಿತು. ಈರಸಂಗಪ್ಪ ಕಾಲು ಊರಿ ಹೇಗೋ ತಡೆದ. ಸೀಟು ಎತ್ತಿ ನನ್ನನ್ನು ನೋಡಿದ.

"ಏನಾತೋ? ಹೊಟ್ಟಿ ತುಂಬ ಉಂಡೀಯಲ್ಲ!"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿನ ಹಣೆ ಮುಟ್ಟಿದಂತೆ ನನ್ನ ಮೈ ಮುಟ್ಟಿದ. ನನಗೆ ಭೂಮಿಗಿಳಿದು ಹೋಗಬೇಕೆನಿಸಿತು. ಗಾಡಿಯನ್ನು ಬೇವಿಗೆ ಆನಿಸಿ, ಡಬ್ಬಿ ಹೆಗಲಿಗೇರಿಸಿ ನಡೆದ. ಬಟ್ಟಲು ತುಂಬದಿದ್ದರೂ ದೀಪ ಉಳಿಯಿತು, ಇಳಿಯುವಾಗ ಗಾಡಿಯನ್ನು ಮನೆಗೆ ತಳ್ಳಿಕೊಂಡು ಬಂದ. ಆದರೆ ಮೊಣಕಾಲು ಗಡಿಗೆಯಂತೆ ಊದಿತು.

ಮರುದಿನ ನಿಂಬೆವ್ವ ಬಿಸಿ ಎಣ್ಣೆ ತಿಕ್ಕುತ್ತಿದ್ದಾಗ ದೇವಸ್ಥಾನದ ಹಿರಿಯ ಫಕೀರಗೌಡ ಬಂದು ಕಟ್ಟೆಯ ಮೇಲೆ ಕೂತ. ಈರಸಂಗಪ್ಪನ ವಾರಿಗೆಯವನು. ಚಿಕ್ಕಂದಿನಿಂದ ಒಬ್ಬರನ್ನೊಬ್ಬರು ಕಾಡಿದವರು.

"ಸಂಗ್ಯಾ, ಮಲ್ಲಯ್ಯ ಏನು ನಿನ್ನ ಕಾಲ ಮುರೀಲಿ ಅಂತ ಕೂತಾನೇನು? ಬಿಸಲಿಂದ ಉರಿಯೂ ಬಲ್ಬ್ ಬಂದಾವು. ಒಂದು ತಂದು ಗವಿಯಾಗ ಹಾಕಿಬಿಡೂಣು. ಎಣ್ಣಿ ಬ್ಯಾಡ, ಬತ್ತಿ ಬ್ಯಾಡ."

"ಗೌಡ್ರ, ನಮ್ಮ ಮುತ್ಯಾ ಹೊತ್ತ ಸೇವಾ ಐತದು."

"ನಿಮ್ಮ ಮುತ್ಯಾನ ಮಣಕಾಲ ಗಟ್ಟಿ ಇದ್ದೂವೋ. ಕಾಲ ಇಲ್ಲದಾವ ಮಳ್ಳನಂಗ ಹಠಾ ಹಿಡದ್ರ ಹ್ಯಾಂಗ? ಸೋಮಾರ ಮಟಾ ನೋಡತೇನಿ. ಸಂಜೀಕ ಎಣ್ಣಿ ಬಂದ್ರ ಎಣ್ಣಿ. ಬರಲಿಲ್ಲಂದ್ರ ಬಲ್ಬ್."

ಅಂದೇ ಈರಸಂಗಪ್ಪ ಕುಂಟುತ್ತ ನನ್ನನ್ನು ಹೊತ್ತುಕೊಂಡು ಗದಗದ ಅಂಗಡಿಯೊಂದಕ್ಕೆ ಹೋಗಿಬಂದ. ಅಲ್ಲಿ ನನ್ನನ್ನು ಬಿಚ್ಚಿ ಸಹ ನೋಡದೆ, ಹೊಸದೇ ಹಾಕಿಸಬೇಕು ಎಂದರು. ಅದರ ಬೆಲೆ ಕೇಳಿ ಬಂದವನು ದನದ ಕೊಟ್ಟಿಗೆಗೆ ಹೋಗಿ ಕರಿಯನ ಬೆನ್ನ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತ. ಸಂಜೆಗೆ ದನದ ದಲಾಲಿ ಬಂದು ಕರಿಯನ ಬಾಯಿ ಅಗಲಿಸಿ ಹಲ್ಲು ನೋಡತೊಡಗಿದ. ಆಗ ನಿಂಬೆವ್ವ ಕಸಬರಿಗೆ ಹಿಡಿದೇ ಹೊರಗೆ ಬಂದಳು.

"ಎತ್ತ ಮಾರಿ ಬ್ಯಾಟರಿ ತರ್ತೀರಿ. ಆಮ್ಯಾಲ ಗುಡ್ಡಕ್ಕ ಏನ ಒಯ್ತೀರಿ, ಖಾಲಿ ಡಬ್ಬಿ?"

ದಲಾಲಿ ಕಸಬರಿಗೆ ನೋಡಿ ಟವೆಲು ಕೊಡವಿಕೊಂಡು ಹೋದ. ಈರಸಂಗಪ್ಪ ಕೂತುಬಿಟ್ಟ. ಅವನ ಮುಂದಿದ್ದ ಗಂಟು ಅದೇ ಆಗಿತ್ತು. ಎತ್ತಿಲ್ಲದಿದ್ದರೆ ಎಣ್ಣೆಯಿಲ್ಲ, ನಾನಿಲ್ಲದಿದ್ದರೆ ಎಣ್ಣೆ ಏರುವುದಿಲ್ಲ.

"ದಾವಲಬಿ ಕಡೆ ತೋರಸೂಣು," ಎಂದಳು ನಿಂಬೆವ್ವ. "ನಮ್ಮ ಎಣ್ಣಿ ತಗೋತಾಳಲ್ಲ, ಗದಗದಾಗ, ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ. ಗಾಡೀ ಬ್ಯಾಟರಿ ರಿಪೇರಿ ಮಾಡತಾಳ."

"ಅಂಗಡ್ಯಾವ್ರ ಆಗೂದಿಲ್ಲ ಅಂದಾರ."

"ಬಿಚ್ಚಿ ನೋಡಿ ಅಂದಾರೇನು?"

ಮರುದಿನ ಮುಂಜಾನೆ ಬಸ್ಸಿನಲ್ಲಿ ನಿಂಬೆವ್ವ ನನ್ನನ್ನು ಅದೇ ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ದಾವಲಬಿಯ ಅಂಗಡಿ ಒಂದು ತಗಡಿನ ಸಣ್ಣ ಕೋಣೆ. ಆಕೆ ಕಂಬಳಿಯ ಗಂಟು ನೋಡಿ ನಕ್ಕಳು.

"ಕೂಸನ ತಂದೀರೇನ ಚಿಗವ್ವಾ? ಥಂಡಿ ಆಗೇತೇನು, ಇಷ್ಟ ಹೊಚ್ಚೀರಿ?"

"ಮನ್ಯಾಗೂ ಹಿಂಗ ಇಡತೇವ ತಂಗಿ. ದೇವರ ಮುಂದ, ಕಂಬಳೀ ಮ್ಯಾಲ. ಚಾರ್ಜಂತೂ ಒಂದ ಗಳಿಗಿ ಬಿಡಸೂದಿಲ್ಲ," ಎಂದ ಈರಸಂಗಪ್ಪ, ತುಸು ಹೆಮ್ಮೆಯಿಂದಲೇ.

ದಾವಲಬಿಯ ನಗು ನಿಂತಿತು. ರಬ್ಬರಿನ ಕೈಗವಸು ಹಾಕಿಕೊಂಡು ನನ್ನ ತಿರುಪುಗಳನ್ನು ಬಿಚ್ಚತೊಡಗಿದಳು.

ಮುಚ್ಚಳ ತೆಗೆದಾಗ ಹಗಲಿನ ಬೆಳಕು ಒಳಗೆ ಬಂತು. ಎದುರು ಗೋಡೆಗೆ ಒಂದು ಕನ್ನಡಿ ಇತ್ತು. ಅದರಲ್ಲಿ ನಾನು ನನ್ನನ್ನು ಮೊದಲ ಸಲ ನೋಡಿದೆ. ಸ್ವಾಮೀ, ಎಷ್ಟು ಜನ! ಇಷ್ಟು ದಿನ "ನಾನು ಏರು ಹತ್ತಿದೆ, ನಾನು ಎಣ್ಣೆ ಹೊತ್ತೆ" ಎಂದುಕೊಂಡಿದ್ದೆನಲ್ಲ, ಆ ನಾನು ಎಲ್ಲಿ? ಅಲ್ಲಿ ಇದ್ದುದು ಭುಜಕ್ಕೆ ಭುಜ ಕೊಟ್ಟು ನಿಂತ ಒಂದು ಊರು. ಹೆಸರಿಲ್ಲ, ಜಗಳವಿಲ್ಲ. ಒಬ್ಬರು ಪಡೆದದ್ದನ್ನು ಒಬ್ಬರಿಗೆ ದಾಟಿಸುತ್ತ ನಿಂತವರು. ದೇವರು ನನ್ನೊಳಗೆ ಇಷ್ಟು ದೊಡ್ಡ ಸಂತೆ ಕೂಡಿಸಿಟ್ಟಿದ್ದು ನನಗೇ ಗೊತ್ತಿರಲಿಲ್ಲ.

ದಾವಲಬಿ ಎರಡು ಮುಳ್ಳಿನ ಮೀಟರು ಹಿಡಿದು ಒಂದೊಂದೇ ಸಾಲನ್ನು ಮುಟ್ಟುತ್ತ ಹೋದಳು. ವೈದ್ಯರು ನಾಡಿ ನೋಡಿದ ಹಾಗೆ. ಮೂಲೆಯ ಸಾಲಿಗೆ ಬಂದಾಗ ಅವಳ ಕೈ ನಿಂತಿತು.

"ನೋಡ್ರಿ ಕಾಕಾ, ಇವೆಲ್ಲಾ ಜೀವಂತ ಅದಾವ. ಈ ಒಂದು ಸಾಲ ಅಷ್ಟ ಸೋತೈತಿ. ಒಂದು ಸಾಲ ಸೋತ್ರ ಉಳದಾವೂ ಏರಿಗೆ ಬಂದಾಗ ನಿಂತಬಿಡತಾವು."

"ಹಂಗಾರ ಪೂರಾ ಹೊಸಾದು ಬ್ಯಾಡ?"

"ಒಂದು ಹಲ್ಲ ನೂಸಿದ್ರ ಎಲ್ಲಾ ಹಲ್ಲ ಕೀಳಸ್ತೀರೇನು? ಈ ಸಾಲ ಅಷ್ಟ ಬದಲ ಮಾಡೂಣು. ಹೊಸಾದರ ರೊಕ್ಕದಾಗ ಸಣ್ಣ ಪಾಲಿನಾಗ ಮುಗೀತೈತಿ. ಆದ್ರ ಇದು ಹೊಸಾದ ಆಗೂದಿಲ್ಲ, ಅದನ್ನೂ ಹೇಳೇನಿ. ಒಂದೆರಡು ವರ್ಷ ಚೊಲೋ ದುಡದೀತು."

"ಸೋತಿದ್ದು ಎದಕ್ಕ?"

ದಾವಲಬಿ ಕಂಬಳಿಯನ್ನು ನೋಡಿದಳು. ಹಿರಿಯರ ಮನಸ್ಸು ನೋಯಬಾರದೆಂದು ಮಾತು ಹುಡುಕಿದಳು.

"ಇದಕ್ಕ ಸೆಕಿ ಆಗೂದಿಲ್ಲ ಕಾಕಾ. ತುಂಬಿದ ಮ್ಯಾಲ ತುರಕೂದೂ ಆಗೂದಿಲ್ಲ. ಓಡಿ ಬಂದ ಮ್ಯಾಲ ತುಸು ಆರಾಕ ಬಿಡಬೇಕು, ಆಮ್ಯಾಲ ಚಾರ್ಜ್ ಹಚ್ಚಬೇಕು, ತುಂಬಿದ ಕೂಡಲೆ ಬಿಡಸಬೇಕು. ಪೂರಾ ಖಾಲಿ ಮಾಡೂದೂ ಬ್ಯಾಡ."

ಈರಸಂಗಪ್ಪನ ಮುಖ ಬಾಡಿತು. "ಅಂದ್ರ ನಾನ ಕೊಂದೆನವಾ ಇದನ್ನ. ತೀರೂಕಿಂತ ಮೊದಲ ಹಾಕಬೇಕಂತ ಅಪ್ಪ ಹೇಳಿದ್ದ."

ನಿಂಬೆವ್ವ ಮೆಲ್ಲಗೆ ಹೇಳಿದಳು:

"ಅಪ್ಪ ಹೇಳಿದ್ದು ದೀಪಕ್ಕರೀ. ನಾವು ಕರಿಯಾಗ ಸೋಮಾರ ನೊಗಾ ಹಾಕತೇವೇನು? ಬಸವಣ್ಣನ ವಾರ ಅಂತ ಬಿಡತೇವಲ್ಲ. ಗಾಣದಿಂದ ಬಿಚ್ಚಿದ ಕೂಡಲೆ ನೀರ ಸೈತ ಕುಡಸೂದಿಲ್ಲ, ದಣುವು ಆರಲಿ ಅಂತೇವಿ. ಉಂಡ ಮ್ಯಾಲ ಮತ್ತ ತುರಕೂದಿಲ್ಲ. ಇದನ್ನ ದೀಪ ಅಂದ್ಕೊಂಡ್ವಿ. ಇದು ಎತ್ತೈತಿ."

ಆ ಮಾತು ಕೇಳಿ ನನ್ನ ಪ್ರತಿಯೊಂದು ಸಾಲೂ ಒಮ್ಮೆ ಝುಮ್ಮೆಂದಿತು. ಕಾರ್ಖಾನೆಯಲ್ಲಿ ಹುಟ್ಟಿದಾಗಿನಿಂದ ನನ್ನ ಮೇಲೆ ಏನೇನೋ ಅಂಟಿಸಿದ್ದರು, ಬರೆದಿದ್ದರು. ನಾನು ಯಾರೆಂದು ಹೇಳಿದವಳು ಈಕೆ ಒಬ್ಬಳೇ.

ದಾವಲಬಿ ಆತುರ ಮಾಡಲಿಲ್ಲ. ಕಪಾಟಿನಿಂದ ಒಂದು ಡಬ್ಬಿ ತೆಗೆದು ಬಿಡಿ ಸೆಲ್ಲುಗಳನ್ನು ಆರಿಸತೊಡಗಿದಳು.

"ಹೊಚ್ಚ ಹೊಸಾವ ಹಾಕವಾ," ಎಂದ ಈರಸಂಗಪ್ಪ.

"ಹೊಸಾವು ಹಳೇವರ ಕೂಡ ಹೊಂದೂದಿಲ್ಲ ಕಾಕಾ. ವಯಸ್ಸು ನೋಡಬೇಕು, ತಾಕತ್ತು ನೋಡಬೇಕು. ಒಂದ ಜಾತೀವ ಇರಬೇಕು."

"ಸಂಬಂಧ ನೋಡಿದಂಗ," ಎಂದಳು ನಿಂಬೆವ್ವ. "ಜಾತಕಾ ಕೂಡಬೇಕೇನು?"

"ಕೂಡಬೇಕು ಚಿಗವ್ವಾ. ಕೂಡಲಿಲ್ಲಂದ್ರ ಮನ್ಯಾಗ ಬೆಂಕಿ! ಅದಕ್ಕ ಇದನ್ನ ಮನ್ಯಾಗ ಯಾರೂ ಬಿಚ್ಚಾಕ ಹೋಗಬ್ಯಾಡ್ರಿ. ಇವನ್ನ ತುಂಬಸಿ, ಖಾಲಿ ಮಾಡಿ ನೋಡೇ ಕೂಡಸತೇನಿ. ಸೋಮಾರ ಮಧ್ಯಾಹ್ನ ಬರ್ರಿ."

"ಸೋಮಾರ ಸಂಜೀಕ ಗುಡ್ಡಕ್ಕ ಎಣ್ಣಿ ಮುಟ್ಟಬೇಕು ತಂಗಿ."

"ಮುಟ್ಟತೈತಿ. ಆದ್ರ ಅವಸರ ಮಾಡಸಬ್ಯಾಡ್ರಿ."

ಆ ಸೆಲ್ಲುಗಳು ಲಾರಿಗೆ ಸಿಕ್ಕಿ ನುಜ್ಜಾದ ಒಂದು ಗಾಡಿಯವು. ಗಾಡಿ ಹೋಗಿತ್ತು, ಅವು ಉಳಿದಿದ್ದವು. ಬೇರೆ ಯಾರದೋ ದಾರಿಗಳನ್ನು ಕಂಡಿದ್ದ ಅವು ನನ್ನ ಮೂಲೆಗೆ ಬಂದು ನಿಂತವು. ಸಣ್ಣ ಕಿಡಿ, ಚಟ್ಟೆಂಬ ಸದ್ದು. ಹುಟ್ಟಿದ ದಿನದ ಅದೇ ಸದ್ದು! ಒಂದೇ ಜನ್ಮದಲ್ಲಿ ಎರಡು ಸಲ ಹುಟ್ಟುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು? ಅಪರಿಚಿತರ ಕೈ ಹಿಡಿದೆ. ಕ್ಷಣದಲ್ಲಿ ಅವರೂ ನಾನೇ ಆದರು.

ಸೋಮವಾರ ದಾವಲಬಿ ಕೂಲಿ ತೆಗೆದುಕೊಂಡಳು, ನಿಂಬೆವ್ವ ಪ್ರೀತಿಗೆ ಕೊಟ್ಟ ಎಣ್ಣೆಯ ಬಾಟಲಿಯನ್ನೂ ತೆಗೆದುಕೊಂಡಳು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಊರು ಮುಟ್ಟಿ, ನನ್ನನ್ನು ಗಾಡಿಗೆ ಕೂರಿಸಿ, ಡಬ್ಬಿ ಕಟ್ಟುವ ಹೊತ್ತಿಗೆ ಹೊತ್ತು ಗುಡ್ಡದ ಮರೆಗೆ ಇಳಿಯುತ್ತಿತ್ತು. ಕರಿಯ ಅಂದು ನೊಗವಿಲ್ಲದೆ ಅಂಗಳದಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ. ನಮ್ಮನ್ನು ನೋಡಿ ಒಮ್ಮೆ ಕಿವಿ ಆಡಿಸಿದ. ನನಗೆ ಅದು ಆಶೀರ್ವಾದವಾಯಿತು.

ಏರು ಶುರುವಾಯಿತು. ಒಂಟಿ ಬೇವು ಹತ್ತಿರ ಬಂತು. ದಾರಿ ಎದ್ದು ನಿಂತಿತು. ನಾನು ಎಲ್ಲರನ್ನೂ ಕೂಗಿ ಹೇಳಬೇಕೆಂದುಕೊಂಡೆ, ಹಿಡಿಯಿರಿ, ಬಿಡಬೇಡಿ ಎಂದು. ಹೇಳುವ ಮೊದಲೇ ಅವರೆಲ್ಲ ಹಿಡಿದಿದ್ದರು. ಮೂಲೆಯ ಹೊಸಬರು ಎಲ್ಲರಿಗೂ ಸಮವಾಗಿ ಹೆಗಲು ಕೊಟ್ಟರು. ಬೇವಿನ ನೆರಳು ನಮ್ಮ ಮೇಲೆ ಬಂತು, ಹಿಂದೆ ಸರಿಯಿತು. ಈರಸಂಗಪ್ಪ ತಡೆದಿದ್ದ ಉಸಿರು ಬಿಟ್ಟು "ಮಲ್ಲಯ್ಯಾ" ಎಂದ.

ಗವಿಯ ಬಾಗಿಲಲ್ಲಿ ಫಕೀರಗೌಡ ಕುಳಿತಿದ್ದ. ಬದಿಗೆ ಒಂದು ಹೊಸ ಬಲ್ಬಿನ ಡಬ್ಬಿ, ಇನ್ನೂ ಒಡೆಯದೆ. ಕೈಯಲ್ಲಿ ಮನೆಯ ದೇವರ ಕೋಣೆಯಿಂದ ತಂದ ಎಣ್ಣೆಯ ಗಿಂಡಿ. ಬಟ್ಟಲಿನ ತಳದಲ್ಲಿ ದೀಪ ಹುರುಳಿ ಕಾಳಿನಷ್ಟಾಗಿತ್ತು, ಆದರೆ ಇತ್ತು.

"ಎಷ್ಟೊತ್ತಲೇ ಸಂಗ್ಯಾ! ಗಿಂಡ್ಯಾಗಿಂದೂ ಮುಗದು ಹೋತು. ಹನಿ ಹನಿ ಬಿಟ್ಟು ಹಿಡದೇನಿ."

"ಬಲ್ಬ್ ತಂದಿದ್ರಲ್ಲರಿ ಗೌಡ್ರ?"

"ತಂದೇನಿ. ಡಬ್ಬಿ ಒಡಿಯಾಕ ಕೈ ಬರಲಿಲ್ಲೋ. ಇದು ಕಣ್ಣ ಮಿಟಕಸಾಕತ್ತಿತ್ತು, ನನ್ನ ಕಡೆ ನೋಡಿದಂಗಾತು." ಗೌಡ ಧೋತರದ ಅಂಚಿನಿಂದ ಕಣ್ಣೊರಸಿಕೊಂಡು, "ಕಣ್ಣಿಗೆ ಹೊಗಿ ಬಡೀತು," ಎಂದ. "ಸುರವು ಲಗೂನ, ಏನ ನೋಡತೀ?"

ಎಣ್ಣೆ ಬಿದ್ದಿತು. ದೀಪ ತಲೆ ಎತ್ತಿತು. ಈರಸಂಗಪ್ಪ ನನ್ನನ್ನೂ ಒಳಗೆ ಒಯ್ದಿದ್ದ. ಮೂವರೂ ಅದನ್ನು ನೋಡುತ್ತ ಕುಳಿತೆವು.

ಅಂದಿನಿಂದ ನನ್ನ ಬಾಳು ಬೇರೆಯಾಯಿತು. ಕಂಬಳಿ ಹೋಯಿತು, ಗಾಳಿಯಾಡುವ ಮಣೆ ಬಂತು. ಗುಡ್ಡದಿಂದ ಇಳಿದ ಮೇಲೆ ನನ್ನನ್ನು ತಣ್ಣಗಾಗಲು ಬಿಡುತ್ತಿದ್ದರು. ತುಂಬಿದೊಡನೆ ನಿಂಬೆವ್ವ ತಂತಿ ಕಿತ್ತು, "ಸಾಕಪಾ, ಉಂಡಿ" ಎನ್ನುವಳು. ಕರಿಯನಿಗೆ ಸೋಮವಾರ ವಿಶ್ರಾಂತಿ, ಸೋಮವಾರ ಏರು ಹತ್ತುವ ನನಗೆ ಮಂಗಳವಾರ. ಆ ದಿನ ಯಾರು ಕೇಳಿದರೂ ನಿಂಬೆವ್ವ ಗಾಡಿ ಕೊಡುತ್ತಿರಲಿಲ್ಲ. "ಅದರ ವಾರ ಇವತ್ತ" ಎನ್ನುವಳು. ಊರವರು ನಕ್ಕರು, ಆಮೇಲೆ ಅವರಿಗೂ ರೂಢಿಯಾಯಿತು. ದಾವಲಬಿ ಹೇಳಿದ್ದಕ್ಕಿಂತ ಹೆಚ್ಚೇ ದುಡಿದೆ.

ಈಗ ನನಗೆ ಮುಪ್ಪು. ಬೈಕಿಗೆ ಬೇರೆ ಬ್ಯಾಟರಿ ಬಂದಿದೆ, ಅದೂ ದಾವಲಬಿಯ ಕೈಯದೇ. ಗಾಡಿ ಎಳೆಯುವ ಕಸುವು ನನ್ನಲ್ಲಿ ಇಲ್ಲ ಎಂದಾಗ ಆಕೆ ನನ್ನನ್ನು ಮತ್ತೆ ಬಿಚ್ಚಿದಳು. ಪೂರ್ತಿ ದಣಿದವರನ್ನು ಬೇರೆ ತೆಗೆದು, ಕಸಕ್ಕೆ ಎಸೆಯದೆ, ಅಂಥವನ್ನು ಕರಗಿಸಿ ಮತ್ತೆ ಲೋಹ ಮಾಡುವವರಿಗೆ ಕೊಟ್ಟಳು. ಅವರೂ ಎಲ್ಲೋ ಮತ್ತೆ ಹುಟ್ಟುತ್ತಾರೆ. ಇನ್ನೂ ಉಸಿರಿದ್ದ ಕೆಲವರನ್ನು ಸಣ್ಣ ಪೆಟ್ಟಿಗೆಯಲ್ಲಿ ಕೂಡಿಸಿ ಗೌಡನ ಆ ಬಲ್ಬಿಗೆ ಜೋಡಿಸಿದಳು. ನಾವೀಗ ಗವಿಯ ಹೊರಗೆ, ಮೆಟ್ಟಿಲ ಪಕ್ಕದ ಕಲ್ಲಿನ ಗೂಡಿನಲ್ಲಿದ್ದೇವೆ. ಹಗಲು ಒಂದು ಸಣ್ಣ ಫಲಕ ನಮಗೆ ಬಿಸಿಲು ಉಣಿಸುತ್ತದೆ. ಹೊತ್ತು ಮುಳುಗಿದಾಗ ಮುದುಕರ, ಬಸುರಿಯರ, ಕುಂಟುವವರ ಕಾಲಿಗೆ ಮೆಟ್ಟಿಲು ತೋರಿಸುತ್ತೇವೆ.

ಒಳಗೆ ನಂದಾದೀಪ ಉರಿಯುತ್ತದೆ. ಇಲ್ಲಿಂದ ಅದರ ತುದಿ ಮಾತ್ರ ಕಾಣುತ್ತದೆ. ಅಣೆಕಟ್ಟಿನ ನೀರು, ಗುಡ್ಡದ ಗಾಳಿ, ಈಗ ಈ ಬಿಸಿಲು, ಎಲ್ಲ ನನ್ನೊಳಗೆ ಬಂದು ಹೋದವು. ನನ್ನದೆಂದು ಏನೂ ಉಳಿಯಲಿಲ್ಲ. ಆದರೂ ಬರಿದಾದೆ ಅನ್ನಿಸುವುದಿಲ್ಲ. ಹೀಗೇಕೆ ಎಂದು ಆ ದೀಪವನ್ನು ಕೇಳೋಣವೆಂದರೆ ಅದಕ್ಕೂ ಬಾಯಿಲ್ಲ.

ಎಣ್ಣೆ ತರುವ ಸಂಜೆಗಳಲ್ಲಿ ಪೂಜೆ ಮುಗಿದು ಜನರೆಲ್ಲ ಇಳಿದ ಮೇಲೆ ಈರಸಂಗಪ್ಪ ಕೊನೆಗೆ ಬರುತ್ತಾನೆ. ಒಳಗಿನ ಬಟ್ಟಲಿಗೆ ಕಂಠಮಟ್ಟ ಎಣ್ಣೆ ಸುರಿದಿರುತ್ತಾನೆ. ಆ ದೀಪಕ್ಕೆ ವಿಶ್ರಾಂತಿ ಎಂಬುದಿಲ್ಲ. ಮೆಟ್ಟಿಲಿಳಿದು ನನ್ನ ಗೂಡಿನ ಮುಂದೆ ನಿಲ್ಲುತ್ತಾನೆ. ಗಾಣ ನಿಲ್ಲಿಸಿ ಕರಿಯನ ಕೊರಳ ಹಗ್ಗ ಬಿಚ್ಚುವಾಗ ಅವನ ಬೆನ್ನ ಮೇಲೆ ಇಡುವ ಹಾಗೆಯೇ ನನ್ನ ಮೇಲೆ ಅಂಗೈ ಇಡುತ್ತಾನೆ.

"ಸಾಕಪಾ. ದಣದೀ. ಇನ್ನ ಮಲಕೋ."

ಬಲ್ಬಿನ ಗುಂಡಿ ಒತ್ತುತ್ತಾನೆ. ನೊಗ ಇಳಿಯುತ್ತದೆ.